ಉಪಕಾರದ ಹನಿಗಳು

ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಸಾಕುವುದೆಂದರೆ ಎಳೆಗೂಸನ್ನು ಸಾಕಿದ ಹಾಗೆ ಎಂದು ಆ ಪ್ರಯೋಗಾಲಯದವರೆಲ್ಲ ನಂಬಿದ್ದರು. ಯಾರಾದರೂ ಮಂಕಾಗಿ ಕುಳಿತಿದ್ದರೆ ಪಕ್ಕದವರು ಅವರ ಕೋಶಗಳ ತಟ್ಟೆಗೂ ಒಂದು ಹನಿ ಸಂಕೇತದ್ರವ ಹಾಕಿಬಿಡುತ್ತಿದ್ದರು. ಕೋಶಗಳಿಗೆ "ಬದುಕಿ, ಬೆಳೆಯಿರಿ" ಎಂದು ಹೇಳುವ ದ್ರವವದು. ಹಾಕಿದ ಮೇಲೆ ಹೇಳುವ ಪದ್ಧತಿ ಮಾತ್ರ ಇರಲಿಲ್ಲ. ಉಪಕಾರ ಮಾಡಿ ಡಂಗುರ ಸಾರಬಾರದಲ್ಲ!

ಆ ದಿನ ಮಂಕಾಗಿದ್ದವನು ಹೊಸಪ್ಪ. ಹೊಸದಾಗಿ ಅಪ್ಪನಾಗಿದ್ದರಿಂದ ಬಂದ ಅಡ್ಡಹೆಸರು. ಹೆಂಡತಿ, ಮಗಳು ಅತ್ತೆಯ ಊರಿನಲ್ಲಿದ್ದರು. ಮಗಳನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ. "ನಿನ್ನ ಕೋಶಗಳ ಮೇಲೆ ಗ್ರಾಹಕಗಳನ್ನ ಇವತ್ತು ತೋರ್ಸು, ನಾಳೆ ರಜೆ ತಗೊಂಡು ಓಡು," ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಗ್ರಾಹಕವೆಂದರೆ ಆ ದ್ರವದ ಮಾತು ಕೇಳಲು ಕೋಶ ಮೈಮೇಲೆ ಇಟ್ಟುಕೊಂಡಿರುವ ಕಿವಿ.

ಬೆಳಿಗ್ಗೆಯೇ ತನ್ನ ಹನಿ ಹಾಕಿ, ಫೋನಿನಲ್ಲಿ ಮಗಳ ಫೋಟೋ ನೋಡುತ್ತ ಅವನು ಮೈಮರೆತ. ಗಾಜು ತೊಳೆಯುವ ದೊಡ್ಡಕ್ಕ ಇಣುಕಿ, "ಪಾಪ, ಮರ್ತಿರ್ತಾನೆ," ಎಂದು ಒಂದು ಹನಿ ಹಾಕಿದಳು. ಮೈಕ್ರೋಸ್ಕೋಪ್ ನೋಡಿಕೊಳ್ಳುವ ಅಣ್ಣನಿಗೂ ಕರುಳು ಚುರುಕ್ ಎಂದಿತು. ಅವನೂ ಹಾಕಿದ.

ಮಧ್ಯಾಹ್ನ ಕೋಶ ಪರೀಕ್ಷಿಸುವ ಯಂತ್ರದಲ್ಲಿ ನೋಡಿದರೆ ಗ್ರಾಹಕಗಳೇ ನಾಪತ್ತೆ! ಹೊಸಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಎಷ್ಟು ಹನಿ ಹಾಕ್ದೆ?" ಮೇಡಂ ಕೇಳಿದರು.

"ಒಂದೇ ಮೇಡಂ, ಮಗಳಾಣೆ!"

"ಬಿಡ್ತು ಅನ್ನೋ! ಎಳೆಕೂಸಿನ ಮೇಲೆ ಆಣೆಯಾ?" ದೊಡ್ಡಕ್ಕ ತಡೆಯಲಾರದೆ ಮುಂದೆ ಬಂದಳು. "ಇನ್ನೊಂದು ನಾನು ಹಾಕ್ದೆ."

"ಮತ್ತೊಂದು ನಾನು," ಎಂದು ಅಣ್ಣ ತಲೆ ಕೆರೆದುಕೊಂಡ.

ಮೇಡಂ ಹಣೆ ಚಚ್ಚಿಕೊಂಡರು. "ಸಾಕಷ್ಟು ಸಂಕೇತ ಸಿಕ್ಕಿದ್ರೆ ಕೋಶ ಕಿವಿನ ಒಳಗೆ ಎಳ್ಕೊಳ್ಳತ್ತೆ. ನಂಗಾಯ್ತು, ಉಳಿದದ್ದು ಪಕ್ಕದವ್ರಿಗಿರ್ಲಿ ಅಂತ. ನಿಮಗಿಂತ ಅವಕ್ಕೇ ಬುದ್ಧಿ ಇದೆ!" ಆಮೇಲೆ ದನಿ ತಗ್ಗಿಸಿ, "ಬೆಳಿಗ್ಗೆ... ನಾನೂ ಒಂದು ಹಾಕಿದ್ದೆ," ಎಂದರು.

ಹೊಸಪ್ಪ ಕೋಶಗಳನ್ನು ತೊಳೆದು, ಸಂಕೇತವಿಲ್ಲದ ನೀರಸ ದ್ರವದಲ್ಲಿಟ್ಟು, ಇನ್‌ಕ್ಯುಬೇಟರಿನ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕುಳಿತ. ಯಾರು ಹತ್ತಿರ ಬಂದರೂ ಕೈ ಬಿಚ್ಚಿ ತೋರಿಸಿ ಎನ್ನುತ್ತಿದ್ದ.

ಸಂಜೆ ಗ್ರಾಹಕಗಳು ಮರಳಿ ಬಂದವು! ದೊಡ್ಡಕ್ಕ ಕಣ್ಣೊರೆಸಿಕೊಂಡಳು. ಹೊಸಪ್ಪ ಚೀಲ ಹೆಗಲಿಗೇರಿಸಿದ.

"ಎಲ್ಲಿಗೆ ಹೊರಟೆ?" ಮೇಡಂ ಕಣ್ಣು ಹೊಳೆಯುತ್ತಿತ್ತು. "ಹೋದ ಗ್ರಾಹಕ ವಾಪಸ್ ಬಂದಿದ್ದನ್ನ ಇಷ್ಟು ಚೆಂದ ಇಲ್ಲಿ ಯಾರೂ ತೋರ್ಸಿರ್ಲಿಲ್ಲ ಕಣೋ! ಆದ್ರೆ ಒಂದು ಸಲ ಮಾಡಿದ್ರೆ ಯಾರೂ ನಂಬಲ್ಲ. ನಾಳೆಯಿಂದ ಮತ್ತೆ ಮೊದಲಿಂದ ಮಾಡು."

"ರಜೆ, ಮೇಡಂ? ಇವರ್ಯಾರಾದ್ರೂ..."

"ಇವರ ಕೈಗೆ ಕೊಡೋದಾ? ನನ್ನ ಕೈಗೂ ಕೊಡ್ಬೇಡ!"

ಅವನು ಹೆಂಡತಿಗೆ ಫೋನ್ ಮಾಡಿದ. ಕತೆಯೆಲ್ಲ ಕೇಳಿ ಅವಳು ನಕ್ಕಳು, ನಗುವಿನ ಕೊನೆಯಲ್ಲಿ ಸಣ್ಣಗೆ ಅತ್ತಳು. "ಹೋಗ್ಲಿ ಬಿಡ್ರಿ. ಮಗಳು ಎಚ್ಚರ ಇದಾಳೆ, ಫೋನ್ ಹಿಡೀತೀನಿ. ಏನಾದ್ರೂ ಮಾತಾಡಿ."

ಹೊಸಪ್ಪ ಫೋನನ್ನು ಬಾಯಿಗೆ ಹತ್ತಿರ ತಂದ. ಮಾತು ಹೊರಡುವಷ್ಟರಲ್ಲಿ ಹಿಂದಿನಿಂದ ಪಾಪ ಎಂದುಕೊಂಡು ಮೂರು ತಲೆಗಳು ಬಾಗಿದವು.

"ಪುಟ್ಟೀ!" "ಚಿನ್ನೂ!" "ಬಂಗಾರೀ!"

"ಅಯ್ಯೋ," ಎಂದಳು ಹೆಂಡತಿ, "ನಿಮ್ಮ ಕೋಶಗಳ ಹಾಗೇ ಮುಖ ತಿರುಗಿಸ್ಕೊಂಡು ಮಲಗೇಬಿಟ್ಲು ಕಣ್ರೀ."