ಮಂದಾಕಿನೀ ರಾಜೀನಾಮಾ ವಿಜಯ

ಯಾವ ಯುಗದಲ್ಲಿ ಮಾನವರು ಯಂತ್ರವನ್ನು ಕೊಂಡು, ಅದರ ಕೈಪಿಡಿಯನ್ನು ರಟ್ಟಿನ ಪೆಟ್ಟಿಗೆಯ ತಳದಲ್ಲೇ ಬಿಟ್ಟು, ಕೆಟ್ಟಮೇಲೆ ಕಂಪನಿಯನ್ನು ಬೈಯುವರೋ, ಆ ಘೋರ ಯುಗದಲ್ಲಿ, ಹುಬ್ಬಳ್ಳಿಯೆಂಬ ಮಹಾನಗರದ ಪಂಪು ಕಾರ್ಖಾನೆಯೊಂದರ ಎರಡನೆಯ ಮಹಡಿಯಲ್ಲಿ, ಅಲ್ಪವಿರಾಮವಿನ್ಯಾಸವಿಶಾರದೆಯೂ ಸೂಚನಾವಾಕ್ಯಸಾಮ್ರಾಜ್ಞಿಯೂ ಎಂಟು ವರ್ಷಗಳಿಂದ ಬಡ್ತಿಯ ಮುಖ ಕಾಣದವಳೂ ಆದ ಮಂದಾಕಿನಿ ಬಳಿಗಾರ ಎಂಬ, ಕೈಪಿಡಿ ಬರೆಯುವ ಟೆಕ್ನಿಕಲ್ ರೈಟರ್ ವಿರಾಜಿಸುತ್ತಿದ್ದಳು. ಎಲೈ ವಾಗ್ದೇವಿಯೇ, ಅವಳ ಮಹಾಸಮರವನ್ನು ಹೇಳಿ ಮುಗಿಸುವಷ್ಟು ಉಸಿರನ್ನು ನನಗೆ ದಯಪಾಲಿಸು.

ಧಾರವಾಡದಲ್ಲಿ ವೈದ್ಯಕೀಯ ಉಪಕರಣ ಮಾಡುವ ಕಂಪನಿಯೊಂದು ಅವಳನ್ನು ಕೈಪಿಡಿ ವಿಭಾಗದ ಮುಖ್ಯಸ್ಥೆಯಾಗಿ ಕರೆದಿತ್ತು. ಅಂದು ಸಂಜೆ ಐದರೊಳಗೆ ರಾಜೀನಾಮೆ ಕೊಟ್ಟು ಒಪ್ಪಿಗೆ ತಿಳಿಸಬೇಕು. ತಪ್ಪಿದರೆ ಆ ಕುರ್ಚಿ ಬೇರೆಯವರ ಪಾಲು. ಇಲ್ಲೇ ಉಳಿದರೆ ನಿವೃತ್ತಿಯ ದಿನವೂ 'ನೀರಿಲ್ಲದೆ ಪಂಪ್ ಓಡಿಸಬೇಡಿ' ಎಂದೇ ಬರೆಯಬೇಕಾದೀತೆಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಮಧ್ಯಾಹ್ನದ ಡಬ್ಬಿ ಮುಚ್ಚಿ ಆ ವೀರವನಿತೆ ಮನದಲ್ಲೇ ಗರ್ಜಿಸಿದಳು: "ಎಲೈ ಜಡಕುರ್ಚಿಯೇ, ಕೇಳು! ಹದಿನೇಳು ಮಾದರಿಯ ಪಂಪುಗಳಿಗೆ ಕೈಪಿಡಿ ಬರೆದ ಈ ಕೈಗಳು ಇಂದು ತಮ್ಮ ಮಾತನ್ನೇ ಬರೆಯಲಿವೆ. ತಡೆಯುವವರಾರು?"

ಯಾರೂ ತಡೆಯಲಿಲ್ಲ. ಒಂದೇ ಬೀಸಿಗೆ ಪತ್ರ ಸಿದ್ಧವಾಯಿತು. ಆದರೆ ಯಾವ ಹಾಳೆಯೂ ಮ್ಯಾನೇಜರರ ಪರಿಶೀಲನೆಯಿಲ್ಲದೆ ಹೊರಗೆ ಹೋಗಕೂಡದೆಂಬ ಎಂಟು ವರ್ಷದ ಕಟ್ಟಳೆ ಬೆರಳಿಗೇ ಅಂಟಿಕೊಂಡಿತ್ತು. ಎಚ್‌ಆರ್‌ಗೆ ಹೋಗಬೇಕಿದ್ದ ರಾಜೀನಾಮೆ ಸೀದಾ ಮ್ಯಾನೇಜರರ ತಿದ್ದುಪಡಿಯ ಕಡತಕ್ಕೆ ಹೋಗಿ ಬಿತ್ತು.

ನಾಲ್ಕೂವರೆಗೆ ಮ್ಯಾನೇಜರ್ ಕುಬಸದ ಅವರು, ರಕ್ತವರ್ಣಲೇಖನೀಧರರು, ಗಂಭೀರವಾಗಿ ನಡೆದು ಬಂದರು.

"ಮೇಡಮ್, ನೀವು ಕಳಿಸಿದ್ದು ಭಾಳ ಛಲೋ ಬಂದದರೀ. ಪುಟದ ನಂಬರ್ ಒಂದು ಹಾಕಿಲ್ಲ ನೋಡ್ರಿ."

"ಸರ್, ಅದು ಏನು ಪತ್ರ ಅಂತ ಓದಿದ್ರೇನ್ರೀ?"

"ಓದದ ಇರ್ತೀನೇನ್ರೀ? ರಾಜೀನಾಮೆ. ನಮ್ಮಲ್ಲಿ ಇದಕ್ಕ ಟೆಂಪ್ಲೇಟ್ ಇರಲೇ ಇಲ್ಲ. ಈಗಿಂದೀಗ ಒಂದು ಮಾಡಿ ಇಟ್ಬಿಡ್ರಿ, ಎಲ್ಲಾರಿಗೂ ಬೇಕಾಗ್ತದ."

"ಹೂಂ ಸರ್," ಎಂದುಬಿಟ್ಟಳು ಹದಿನೇಳು ಪಂಪುಗಳ ಜನನಿ. ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿರಲಿಲ್ಲ ಅವಳಿಗೆ.

ಯಾರಾದರೂ ತುಂಬಬಹುದಾದ ಟೆಂಪ್ಲೇಟಿನ ನಿಯಮದಂತೆ ಅದೇ ಪತ್ರದಿಂದ ತನ್ನ ಹೆಸರನ್ನು ಅಳಿಸಿ 'ಉದ್ಯೋಗಿಯ ಹೆಸರು' ಎಂದು ಬರೆದಳು. ಕಾರಣವನ್ನು ಅಳಿಸಿ 'ಕಾರಣ' ಎಂದು ಬರೆದಳು. ಎಲ್ಲ ಮುಗಿದು ಕಡತ ಸೇರಿದಾಗ ಐದೂ ಇಪ್ಪತ್ತು. ಗಡಿಯಾರ ನೋಡಿದ ಮಂದಾಕಿನಿಗೆ ಅಳುವೇ ಬಂತು. ಆದರೆ ಎರಡನೆಯ ಸಾಲಿನ ಅಂಚು ಒಂದಿಷ್ಟು ಒಳಗೆ ಸರಿದಿದ್ದು ಅಷ್ಟರಲ್ಲಿ ಕಣ್ಣಿಗೆ ಬಿತ್ತು. ಮೊದಲು ಅದನ್ನು ಸರಿಮಾಡಿದಳು.