ಅಟ್ಟ ಹತ್ತಿದ ಗಿಟುಕು

ನಾಣ್ಯ ಹೊರಡಿಸುವುದು ರಾಜಮಹಾರಾಜರ ಕೆಲಸ ಎಂದು ಬಹಳ ಜನ ಇನ್ನೂ ನಂಬಿಕೊಂಡಿದ್ದಾರೆ. ಅದು ತಪ್ಪು. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಮೊಬೈಲು, ಮತ್ತು ಒಬ್ಬ ಬಾಮೈದ ಇದ್ದರೆ ಯಾರು ಬೇಕಾದರೂ ನಾಣ್ಯ ಹೊರಡಿಸಬಹುದು. ನಾನು ಹೊರಡಿಸಿದ್ದೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಪ್ರಪಂಚದಲ್ಲಿ ಹುಟ್ಟಿದ ಕ್ರಿಪ್ಟೊ ನಾಣ್ಯಗಳೆಲ್ಲ ಬೆಳಿಗ್ಗೆ ಮುಗಿಲು ಮುಟ್ಟಿ ಸಂಜೆಗೆ ಮಣ್ಣು ಮುಕ್ಕುತ್ತಿದ್ದಾಗ, ನನ್ನದು ಹುಟ್ಟಿದ ದಿನದಿಂದ ಮುಚ್ಚಿದ ದಿನದವರೆಗೆ ಒಂದೇ ಒಂದು ಪೈಸೆ ಇಳಿಯಲಿಲ್ಲ. ಏರಲೂ ಇಲ್ಲ ಎಂದು ನನ್ನ ಹೆಂಡತಿ ಸೇರಿಸುತ್ತಾಳೆ. ಎಲ್ಲದರಲ್ಲೂ ಹುಳುಕು ಹುಡುಕುವವರಿಗೆ ಏನು ಹೇಳಲಿಕ್ಕಾಗುತ್ತದೆ!

ಮೊದಲು ನಮ್ಮ ಮನೆಯ ಅಟ್ಟದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಅಲ್ಲಿಂದಲೇ ಶುರುವಾಗಿ ಅಲ್ಲಿಗೇ ಬಂದು ನಿಂತಿತು. ನಮ್ಮ ನೊಣವಿನಕೆರೆ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವವನನ್ನು ಸಂಸಾರಸ್ಥ ಎಂದು ಯಾರೂ ಕರೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಬೇಕು. ಹತ್ತು ಹನ್ನೊಂದು ತಿಂಗಳು ಅದನ್ನು ಮುಟ್ಟಬಾರದು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕುಳುಕುಳು ಅಂದರೆ ಇನ್ನೂ ನೀರಿದೆ ಎಂದರ್ಥ, ಲೊಟಲೊಟ ಅಂದರೆ ಆಗಿದೆ ಎಂದರ್ಥ. ನಮ್ಮ ಮನೆಯಲ್ಲಿ ಈ ಪರೀಕ್ಷೆಯ ಅಧಿಕಾರವಿರುವುದು ನನ್ನ ಹೆಂಡತಿ ಸರೋಜಳಿಗೆ ಮಾತ್ರ. ತಿಪಟೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳುವ ನಾನು ಅಲ್ಲಾಡಿಸಿದರೆ ಎಲ್ಲ ಕಾಯಿಯೂ ಒಂದೇ ಥರ ಕೇಳಿಸುತ್ತದೆ.

ಆ ವರ್ಷದ ಅಟ್ಟವನ್ನು ಸರೋಜ ಒಂದು ಸ್ಕೂಟರಿಗೆಂದು ಎತ್ತಿಟ್ಟಿದ್ದಳು. ತೋಟ ಊರಾಚೆ ಇದೆ. ಅವಳು ಅಲ್ಲಿಗೆ ಹೋಗಬೇಕೆಂದರೆ ನನ್ನ ಬೈಕಿಗೆ ಕಾಯಬೇಕು. ನಾನು ‘ಬಂದೆ ಇರು’ ಎಂದು ಹೇಳಿ ಹೋದವನು, ದಾರಿಯಲ್ಲಿ ಸಿಕ್ಕವರಿಗೆಲ್ಲ ದೇಶದ ಆರ್ಥಿಕ ಸ್ಥಿತಿ ವಿವರಿಸಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಒಂದು ದಿನ ಅವಳು ತನ್ನ ಗೆಳತಿಯ ಸ್ಕೂಟರನ್ನು ಶಾಲೆಯ ಮೈದಾನದಲ್ಲಿ ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡು ಬಂದು, "ಈ ಸಲ ಕೊಬ್ಬರಿ ಮಾರಿದ್ ದಿನವೇ ಕೆಂಪ್ ಸ್ಕೂಟ್ರು. ನಿಮ್ಮ ‘ಬಂದೆ ಇರು’ಗೆ ಇನ್ನ್ ನಾನು ಕಾಯಾಕಿಲ್ಲ" ಎಂದು ಸಾರಿಬಿಟ್ಟಳು. ಅಂದಿನಿಂದ ಅಟ್ಟದ ಏಣಿಯನ್ನು ನಾನು ಮುಟ್ಟಿದರೂ ಅವಳಿಗೆ ಗೊತ್ತಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದವನು ಲೋಕೇಶ. ಸರೋಜಳ ತಮ್ಮ, ತುರುವೇಕೆರೆಯಲ್ಲಿ ಮೊಬೈಲು ರಿಪೇರಿ ಅಂಗಡಿ. ಅವನಿಗೆ ಪ್ರತಿ ಯುಗಾದಿಗೂ ಒಂದು ಹೊಸ ಐಡಿಯಾ ಬರುತ್ತದೆ, ಪ್ರತಿ ದೀಪಾವಳಿಗೂ ಅದು ಮುಳುಗುತ್ತದೆ. ಅಂಗಳದಲ್ಲಿ ಕೂತು ಕಾಫಿ ಹೀರುತ್ತ, "ಭಾವ, ಕಾಯಿನ್ ಮಾಡೋದು ಮುದ್ದೆ ಕಟ್ಟೋದಕ್ಕಿಂತ ಸಲೀಸು ಕಣ್ ಭಾವ. ಕಷ್ಟ ಇರೋದು ಜನಕ್ಕೆ ನಂಬಿಕೆ ಬರ್ಸೋದ್ರಲ್ಲಿ" ಎಂದ. ನಂಬಿಕೆ ಎಂಬ ಮಾತು ಕೇಳಿದ್ದೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಬೇರೆಯವರ ನಾಣ್ಯದ ಹಿಂದೆ ಗಾಳಿ ಬಿಟ್ಟರೆ ಏನಿದೆ? ನಮ್ಮ ನಾಣ್ಯದ ಹಿಂದೆ ತೆಂಗಿನಕಾಯಿ ಇರಲಿ! ಒಂದು ನಾಣ್ಯಕ್ಕೆ ಅಟ್ಟದ ಮೇಲೆ ಒಂದು ಕಾಯಿ. ನನ್ನ ತಲೆಯ ಬಗ್ಗೆ ನನಗೇ ಹೆಮ್ಮೆಯೆನಿಸಿತು. ಒಣಕೊಬ್ಬರಿಯ ಹೋಳನ್ನು ನಾವು ಗಿಟುಕು ಎನ್ನುತ್ತೇವಲ್ಲ, ಅದೇ ಹೆಸರಿಟ್ಟೆ. ಲೋಟದಲ್ಲಿದ್ದ ಕಾಫಿ ಆರುವ ಮೊದಲೇ ಲೋಕೇಶ ಫೋನಿನಲ್ಲಿ ಏನೇನೋ ಒತ್ತಿ, "ಹುಟ್ತು ಭಾವ" ಎಂದ. ಸರೋಜ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳ ಅಟ್ಟದ ಮೇಲೆ ಒಂದು ಅರ್ಥವ್ಯವಸ್ಥೆ ನಿಂತಿದೆ ಎಂಬುದನ್ನು ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ.

ಬಿಡುಗಡೆ ಸಮಾರಂಭ ಊರ ಅರಳಿಕಟ್ಟೆಯ ಮೇಲೆ ನಡೆಯಿತು. ಮೇಷ್ಟ್ರು ಹೇಳಿದ ಮೇಲೆ ಸುಳ್ಳಿರಲಾರದು ಎಂದು ಅಕ್ಕಪಕ್ಕದವರು ಬಂದರು, ಹುಳಿಯಾರಿನಿಂದ ನೆಂಟರು ಬಂದರು. ಲೋಕೇಶ ದುಡ್ಡು ಇಸಿದುಕೊಂಡು ಒಬ್ಬೊಬ್ಬರ ಫೋನಿಗೂ ಗಿಟುಕು ಇಳಿಸುತ್ತ ಹೋದ. ಸರೋಜಳಿಗೆ ಇದೇನೋ ಫೋನಿನ ವ್ಯಾಪಾರ ಎಂದಷ್ಟೇ ಹೇಳಿದ್ದೆ, ಅಟ್ಟದ ಮಾತು ಎತ್ತಿರಲಿಲ್ಲ. ಪಕ್ಕದ ಮನೆಯ ನಂಜಪ್ಪಣ್ಣ ಮಾತ್ರ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಮೇಷ್ಟ್ರೇ, ಇದ್ನ ಎಷ್ಟ್ ದಿವ್ಸ ಮಡಗ್ಬೇಕು?"

"ವರ್ಷ ಮಡಗಿ ನಂಜಪ್ಪಣ್ಣ. ಆಮೇಲೆ ನೋಡಿ ತಮಾಷೆ!" ಎಂದೆ, ಎದೆಯುಬ್ಬಿಸಿ. ಆ ಮಾತು ಎಷ್ಟು ದುಬಾರಿಯಾಯಿತು ಎಂಬುದು ತಿಂಗಳ ಮೇಲೆ ಗೊತ್ತಾಯಿತು.

ನಾಣ್ಯವೆಂದರೆ ಕೈ ಬದಲಾಗಬೇಕು. ಯಾರೋ ಮಾರಬೇಕು, ಯಾರೋ ಕೊಳ್ಳಬೇಕು, ಆಗ ಬೆಲೆ ಏರುತ್ತದೆ. ಗಿಟುಕನ್ನು ಕೊಂಡವರು ಕೊಂಡರು, ಮಾರುವವರೇ ಇಲ್ಲ! ಲೋಕೇಶನ ಫೋನಿನಲ್ಲಿ ಬೆಲೆಯ ಗೆರೆ ನೂಲು ಹಿಡಿದು ಎಳೆದಂತೆ ನೆಟ್ಟಗೆ ಮಲಗಿತ್ತು. ಮಾರುಕಟ್ಟೆಗೆ ಜೀವ ಬರಲಿ ಎಂದು ಬೆಳಿಗ್ಗೆ ನಾನು ಅವನಿಗೆ ಮಾರುವುದು, ಸಂಜೆ ಅವನು ನನಗೆ ಮಾರುವುದು, ಹೀಗೆ ಕೆಲವು ದಿನ ಉಸಿರಾಟ ಕೊಟ್ಟೆವು. ಅದೂ ಕಾನೂನಿನ ಪ್ರಕಾರ ತಪ್ಪಂತೆ, ಆಮೇಲೆ ತಿಳಿಯಿತು. ಕೊನೆಗೆ, ಸ್ವಲ್ಪ ಮಾರಿ ನೋಡಿ ಎಂದು ಹೇಳೋಣವೆಂದು ನಂಜಪ್ಪಣ್ಣನ ಮನೆಗೇ ಹೋದೆ.

"ಫೋನೆಲ್ಲಿ ನಂಜಪ್ಪಣ್ಣ?"

"ಅಟ್ಟದ್ ಮ್ಯಾಲೈತೆ."

"ಅಟ್ಟದ ಮೇಲಾ?"

"ನೀವೇ ಅಂದ್ರಲ್ಲ, ವರ್ಷ ಮಡಗು ಅಂತ. ಕೆಳ್ಗಿದ್ರೆ ಹುಡುಗ್ರು ಮುಟ್ತವೆ. ಹಳೇ ಫೋನಲ್ಲಿ ಹಾಕ್ಸಿ, ಕಾಯಿ ಮಧ್ಯಕ್ಕೆ ಸೇರ್ಸಿವ್ನಿ. ಅಟ್ಟ ಹತ್ತಿದ್ದನ್ನ ಮಧ್ಯದಲ್ ಇಳ್ಸೋದುಂಟೇನ್ ಮೇಷ್ಟ್ರೇ?"

ವಿಚಾರಿಸಿದರೆ ಇದು ನಂಜಪ್ಪಣ್ಣನೊಬ್ಬನ ಕಥೆಯಲ್ಲ. ಅವನನ್ನು ನೋಡಿ ಎದುರು ಮನೆಯವರು, ಅವರನ್ನು ನೋಡಿ ಹುಳಿಯಾರಿನ ನೆಂಟರು, ಎಲ್ಲರೂ ಹಳೆಯ ಫೋನು ಹುಡುಕಿ ಗಿಟುಕು ತುಂಬಿಸಿ ಅಟ್ಟಕ್ಕೆ ಹಾಕಿದ್ದರು. ಅಡುಗೆಮನೆಯ ಹೊಗೆಯಲ್ಲಿ ನನ್ನ ನಾಣ್ಯ ಬೆಚ್ಚಗೆ ಮಾಗುತ್ತಿತ್ತು. ಲೋಕೇಶ ತಲೆ ಮೇಲೆ ಕೈ ಹೊತ್ತು ಕೂತ. ಆದರೂ ನಾನು ಧೈರ್ಯಗೆಡಲಿಲ್ಲ. ಇಷ್ಟು ಸಹನೆಯುಳ್ಳ ಹೂಡಿಕೆದಾರರು ಬೇರೆ ಯಾವ ನಾಣ್ಯಕ್ಕೆ ಸಿಕ್ಕಿದ್ದಾರೆ, ಹೇಳಿ?

ಲೋಕೇಶ ಸುಮ್ಮನಿದ್ದಿದ್ದರೆ ಎಲ್ಲವೂ ಹೀಗೇ ಮಾಗುತ್ತಿತ್ತೇನೋ. ಹೊರಗಿನವರಾದರೂ ಕೊಳ್ಳಲಿ ಎಂದು ಅವನು ನಮ್ಮ ಅಟ್ಟದ ಫೋಟೋ ತೆಗೆದು, ‘ಪ್ರತಿ ಗಿಟುಕಿಗೆ ಒಂದು ಕಾಯಿ ಗ್ಯಾರಂಟಿ’ ಎಂದು ಬರೆದು ವಾಟ್ಸಾಪಿನಲ್ಲಿ ಹರಿಯಬಿಟ್ಟ. ಗ್ಯಾರಂಟಿ ಎಂಬ ಪದ ಬಹಳ ಅಪಾಯದ್ದು. ಅದು ಹತ್ತಾರು ಗುಂಪು ದಾಟಿ ಪೊಲೀಸ್ ಅಧಿಕಾರಿಯೊಬ್ಬರ ಫೋನಿಗೇ ಹೋಗಿ ಕೂತಿತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಜೀಪು ನಿಂತಿತು. ಅಧಿಕಾರಿ ಬಹಳ ಮರ್ಯಾದಸ್ಥರು. ಸರೋಜ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಕೇಳಿದರು: "ಮೇಷ್ಟ್ರೇ, ಈ ಕಾಯಿನ್ನಿಗೆ ಯಾರ ಪರ್ಮಿಷನ್ ತಗೊಂಡಿದ್ದೀರಿ?"

"ಸರ್, ಇದು ವಿಕೇಂದ್ರೀಕೃತ ವ್ಯವಸ್ಥೆ. ಇದರಲ್ಲಿ ಯಾರ ಪರ್ಮಿಷನ್ನೂ ಬೇಕಾಗಿಲ್ಲ" ಎಂದು ತರಗತಿಯಲ್ಲಿ ಹೇಳುವ ಗತ್ತಿನಲ್ಲೇ ಹೇಳಿದೆ.

"ಸರಿ. ಗ್ಯಾರಂಟಿ ಕೊಟ್ಟಿದ್ದೀರಲ್ಲ, ಆ ಕಾಯಿ ಎಲ್ಲಿವೆ? ತನಿಖೆ ಮುಗಿಯೋವರೆಗೂ ಸೀಜ್ ಮಾಡಬೇಕಾಗುತ್ತೆ."

ಮಜ್ಜಿಗೆ ಲೋಟ ತೆಗೆದುಕೊಳ್ಳಲು ಬಂದ ಸರೋಜ ಅಲ್ಲೇ ನಿಂತಳು. "ಯಾವ್ ಕಾಯಿ ಸಾರ್?"

"ಅಟ್ಟದ ಮೇಲಿರೋವು ತಾಯಿ. ನಿಮ್ಮ ಯಜಮಾನರು ಅದರ ಮೇಲೆ ಕಾಯಿನ್ ಮಾಡಿ ಮಾರಿದ್ದಾರೆ."

ಅವಳು ನನ್ನ ಕಡೆ ನೋಡಿದಳು. ಮದುವೆಯಾದಾಗಿನಿಂದ ಅವಳ ಎಷ್ಟೋ ನೋಟಗಳನ್ನು ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ಕೆಂಪು ಸ್ಕೂಟರು ತಿರುಗಿ ಹೊರಟುಹೋಗುವುದು ಕಾಣುತ್ತಿತ್ತು. ಆದರೆ ಅವಳು ಅಳುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸಾರ್, ಅವು ಇವರ ಕಾಯಲ್ಲ. ತೋಟ ನಮ್ಮಪ್ಪ ನನಗೆ ಅರಿಶಿನ ಕುಂಕುಮಕ್ಕೆ ಅಂತ ಬರ್ಕೊಟ್ಟಿದ್ದು. ಪಹಣಿ ನನ್ನ ಹೆಸರಲ್ಲೈತೆ. ಇವರದ್ದು ಅಂತ ಈ ಮನೇಲಿರೋದು ಆ ಬೈಕು, ಆ ಪ್ಲಾಸ್ಟಿಕ್ ಕುರ್ಚಿ. ಬೇಕಿದ್ರೆ ಅವನ್ನ ತಕ್ಕೊಂಡೋಗಿ. ಅಟ್ಟದ ಏಣಿ ಮುಟ್ಟಬ್ಯಾಡಿ" ಎಂದಳು.

ನಿಜಕ್ಕೂ ನನಗೆ ಮರೆತೇ ಹೋಗಿತ್ತು! ಅಷ್ಟು ವರ್ಷ ಆ ತೋಟದ ಎಳನೀರು ಕುಡಿದು, ಆ ಕಾಯಿಯ ಚಟ್ನಿ ತಿಂದು, ‘ನಮ್ಮ ತೋಟ, ನಮ್ಮ ತೋಟ’ ಎಂದು ಊರಿಗೆಲ್ಲ ಹೇಳಿಕೊಂಡು, ಅದು ನನ್ನದೇ ಎಂಬ ನಂಬಿಕೆ ಮೂಳೆಗಿಳಿದಿತ್ತು. ಅಧಿಕಾರಿ ಗಹಗಹಿಸಿ ನಕ್ಕರು. "ಏನ್ ಮೇಷ್ಟ್ರೇ ಇದು! ಯಾರ ಪರ್ಮಿಷನ್ನೂ ಬೇಡ ಅಂದ್ರಿ. ಮನೆಯವರದ್ದೂ ಬೇಡ್ವಾ?" ಎಂದರು. ಬ್ಯಾಂಕಿನಲ್ಲಿರುವ ದುಡ್ಡು ಕೂಡ ಬ್ಯಾಂಕಿನದಲ್ಲವಲ್ಲ ಸರ್ ಎಂದು ನಾನು ತರ್ಕ ಮುಂದಿಟ್ಟೆ. ಸರೋಜ ಮತ್ತೊಮ್ಮೆ ನೋಡಿದಳು. ತರ್ಕವನ್ನು ವಾಪಸ್ ತೆಗೆದುಕೊಂಡೆ.

ಕಾಯಿ ಅವಳದ್ದು ಎಂದಾದ ಮೇಲೆ ಸೀಜಿನ ಮಾತು ಬಿದ್ದುಹೋಯಿತು, ಆದರೆ ನನ್ನ ಕುತ್ತಿಗೆಗೆ ಉರುಲು ಬಿಗಿಯಿತು. ನನ್ನದಲ್ಲದ ಕಾಯಿಯನ್ನು ನನ್ನದೆಂದು ತೋರಿಸಿದವನಾದೆನಲ್ಲ! ಈಗ ಯಾರಾದರೊಬ್ಬರು ಮೋಸ ಹೋದೆವೆಂದು ದೂರು ಕೊಟ್ಟರೆ ಸಾಕಿತ್ತು. ಅಧಿಕಾರಿ ಮನೆಮನೆಗೆ ಹೋಗಿ ಕೇಳಿದರು. ನಂಜಪ್ಪಣ್ಣ ಅವರಿಗೇ ತಿರುಗಿ ಬುದ್ಧಿ ಹೇಳಿದನಂತೆ: "ಮೋಸ ಹೆಂಗಾಯ್ತದೆ ಸ್ವಾಮಿ? ಇನ್ನೂ ವರ್ಷ ತುಂಬಿಲ್ಲ. ಹಸಿ ಇರೋವಾಗ್ಲೇ ಒಡ್ದು ನೋಡಿ ಕೆಟ್ಟೈತೆ ಅಂದ್ರೆ ಆಯ್ತದಾ?" ಮಿಕ್ಕವರ ಉತ್ತರವೂ ಇದೇ. ಮೋಸ ಹೋದವರೇ ಸಿಗದ ಕ್ರಿಪ್ಟೊ ಪ್ರಕರಣ ತಾವು ನೋಡಿದ್ದು ಇದೇ ಮೊದಲು ಎಂದು ಅಧಿಕಾರಿ ಹಣೆ ಚಚ್ಚಿಕೊಂಡರು. ಎಲ್ಲರ ದುಡ್ಡನ್ನೂ ಹಿಂದಿರುಗಿಸಿ ಅಂಗಡಿ ಮುಚ್ಚಿ, ಇಲ್ಲದಿದ್ದರೆ ನಾನೇ ದೂರುದಾರನಾಗುತ್ತೇನೆ ಎಂದು ಎಚ್ಚರಿಸಿ ಹೊರಟರು.

ದುಡ್ಡು ಕೊಡುತ್ತೇನೆಂದರೂ ಯಾರೂ ತೆಗೆದುಕೊಳ್ಳಲಿಲ್ಲ. ಇಷ್ಟು ಬೇಗ ವಾಪಸ್ ಕೇಳುತ್ತಿದ್ದಾನೆಂದರೆ ರೇಟು ಏರುವುದಿದೆ ಎಂದು ಅವರಿಗೆ ಗಟ್ಟಿಯಾಯಿತು. ಬೇಡಿಕೆ, ಪೂರೈಕೆ, ನಿಯಂತ್ರಣ ಎಂದು ಅರಳಿಕಟ್ಟೆಯ ಮೇಲೆ ನಿಂತು ಪಾಠ ಮಾಡಿದೆ. ನಂಜಪ್ಪಣ್ಣ ಆ ದಿನ ಫೋನನ್ನು ಅಟ್ಟದಿಂದ ಇಳಿಸಿಕೊಂಡೇ ಬಂದಿದ್ದ. ಬ್ಯಾಟರಿ ಪೂರಿಯಂತೆ ಉಬ್ಬಿತ್ತು, ಹಿಂದಿನ ಮುಚ್ಚಳ ಬಾಯಿಬಿಟ್ಟಿತ್ತು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಕಳಚಿಕೊಂಡಿದ್ದು ಲೊಟಲೊಟ ಎಂದಿತು. "ಆಗೈತೆ ಕಣ್ರಪ್ಪೋ!" ಎಂದು ಕೂಗಿದ. ಸೇರಿದ್ದವರೆಲ್ಲ ಒಬ್ಬೊಬ್ಬರಾಗಿ ಇಸಿದುಕೊಂಡು ಅಲ್ಲಾಡಿಸಿ, ತಲೆಯಾಡಿಸಿದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಗ ಸರೋಜ ಬಂದಳು. ಜೀಪು ಬಂದ ದಿನದಿಂದ ನನ್ನೊಡನೆ ಊಟಕ್ಕೆ ಎದ್ದೇಳಿ ಎಂಬುದು ಬಿಟ್ಟು ಬೇರೆ ಮಾತಾಡಿರಲಿಲ್ಲ. ಫೋನು ಇಸಿದುಕೊಂಡಳು, ಅಲ್ಲಾಡಿಸಿದಳು, ಮೂಗಿನ ಹತ್ತಿರ ತಂದು ಮೂಸಿದಳು. "ನಂಜಪ್ಪಣ್ಣ, ಕೌಟಾಗೈತೆ" ಎಂದಳು, ಅಷ್ಟೇ. ಕೌಟು ಹಿಡಿದ ಕೊಬ್ಬರಿಯನ್ನು, ಅದೇ ಆ ಮುಗ್ಗಲು ವಾಸನೆಯದ್ದನ್ನು, ಇಟ್ಟುಕೊಂಡಷ್ಟೂ ನಷ್ಟ. ಕೇಳಿದವರಿಗೆ ಕೇಳಿದ ರೇಟಿಗೆ ಕೊಟ್ಟು ಕೈತೊಳೆದುಕೊಳ್ಳಬೇಕು. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ನಂಜಪ್ಪಣ್ಣನ ಮುಖ ಇಳಿಯಿತು. "ಹಂಗಾರೆ ಕೊಟ್ಟಷ್ಟು ಕೊಡಿ ಮೇಷ್ಟ್ರೇ, ಬುಡಿ ಅತ್ಲಾಗೆ" ಎಂದ. ಎರಡು ದಿನದಲ್ಲಿ ಎಲ್ಲ ಅಟ್ಟಗಳಿಂದಲೂ ಫೋನುಗಳು ಇಳಿದು ಬಂದವು. ಬಂದ ದುಡ್ಡನ್ನು ಲೋಕೇಶ ಗಿಟುಕಿನ ಹೆಸರನ್ನು ಎಲ್ಲೆಲ್ಲಿಯೋ ಕ್ರಿಪ್ಟೊ ಮಾರುಕಟ್ಟೆಗಳ ಪಟ್ಟಿಗೆ ಸೇರಿಸಲು ಸುರಿದಿದ್ದನಾದ್ದರಿಂದ ಹಿಂದಿರುಗಿಸಲು ನನ್ನ ಬೈಕನ್ನು ಮಾರಿದೆ. ಕುರ್ಚಿಯನ್ನು ಯಾರೂ ಕೇಳಲಿಲ್ಲ.

ವರ್ಷ ತುಂಬಿತು. ಸರೋಜ ಅಟ್ಟ ಇಳಿಸಿ, ಸುಲಿಸಿ, ತಿಪಟೂರಿನ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟಿಗೆ ಕೊಬ್ಬರಿ ಮಾರಿ, ಅದೇ ದಿನ ಕೆಂಪು ಸ್ಕೂಟರಿನಲ್ಲಿ ಊರೊಳಗೆ ಬಂದಳು. ಹಾರ್ನ್ ಹೊಡೆದುಕೊಂಡು ಬಂದ ಅವಳ ಮುಖ ನೋಡಿ ನನಗೆ ಖುಷಿಯಾಯಿತು, ಸುಳ್ಳಲ್ಲ. ಈಗ ಬಸ್ ಸ್ಟ್ಯಾಂಡಿನವರೆಗೆ ನನ್ನನ್ನು ಬಿಡುವವಳು ಅವಳೇ. ನಾನು ಚೀಲ ಹಿಡಿದು ಅಂಗಳದಲ್ಲಿ ನಿಂತಿರುತ್ತೇನೆ. ಅವಳು ಕೊಟ್ಟಿಗೆಯ ಕಡೆಯಿಂದ "ಬಂದೆ ಇರಿ" ಎನ್ನುತ್ತಾಳೆ. ಒಂದು ಬಸ್ಸು ತಪ್ಪುತ್ತದೆ.

ಮೊನ್ನೆ ಹೀಗೇ ಕಾಯುತ್ತಿದ್ದಾಗ ಒಂದು ಯೋಚನೆ ಬಂತು. ಎಲ್ಲ ಕೆಟ್ಟಿದ್ದು ಕಾಯಿ ನನ್ನದಲ್ಲ ಎಂಬ ಒಂದು ಸಣ್ಣ ಕಾರಣಕ್ಕೆ ತಾನೇ? ಈ ಸಲ ಅವಳನ್ನೇ ಪಾಲುದಾರಳನ್ನಾಗಿ ಮಾಡಿಕೊಂಡು, ಎಲ್ಲ ಕಾನೂನುಬದ್ಧವಾಗಿ ಶುರುಮಾಡಿದರೆ? ಹಿಂದಿನ ಸೀಟಿಗೆ ಹತ್ತುವಾಗ ಹೇಳಿಯೂ ಬಿಟ್ಟೆ. ಸರೋಜ ಸ್ಕೂಟರಿನಿಂದ ಇಳಿದು ನನ್ನ ತಲೆಗೆ ಹೆಲ್ಮೆಟ್ ಹಾಕಿ, ಗಲ್ಲದ ಕೆಳಗೆ ಪಟ್ಟಿ ಬಿಗಿದಳು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು, ತನ್ನ ಕಿವಿಯ ಹತ್ತಿರಕ್ಕೆ ಎಳೆದುಕೊಂಡು, ಮೆತ್ತಗೆ ಎರಡು ಸಲ ಅಲ್ಲಾಡಿಸಿದಳು.

"ಊಹ್ಞೂಂ, ಇನ್ನೂ ನೀರೈತೆ" ಎಂದು ಗಾಡಿ ಸ್ಟಾರ್ಟ್ ಮಾಡಿದಳು.