ಕರೆದವರ ತಪ್ಪು, ಬಂದವರದ್ದಲ್ಲ

ನಮ್ಮ ಮನೆಯ ಮೇಲಿನ ಮಹಡಿಗೆ ಬಾಡಿಗೆಗೆ ಬಂದವರಿಗೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಅದು ಮನೆಯ ವಾಸ್ತು ದೋಷ ಎಂದು ನಾನು ಹೇಳುತ್ತೇನೆ. ದೋಷ ವಾಸ್ತುವಿನದಲ್ಲ, ಕೆಳಗಿನ ಮನೆಯಲ್ಲಿ ಲುಂಗಿ ಉಟ್ಟುಕೊಂಡು ಓಡಾಡುವ ಗಂಡಸಿನದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮುಂದಿನದನ್ನು ಓದಿ ನೀವೇ ತೀರ್ಪು ಕೊಡಿ. ಅಲ್ಲಲ್ಲಿ ಉಪ್ಪು-ಖಾರ ಹಚ್ಚಿರುತ್ತೇನೆ, ಅದು ನನ್ನ ಸ್ವಭಾವ. ಆದರೆ ರೊಟ್ಟಿ ಮಾತ್ರ ಖರೇ.

ಮನೆ ವಿದ್ಯಾನಗರದಲ್ಲಿ. ಕಮರಿಪೇಟೆಯ ಹತ್ತಿರ ನನ್ನದೊಂದು ಸ್ಟೀಲ್ ಭಾಂಡೆ ಅಂಗಡಿ. ಲಗ್ನದ ಭಾಂಡೆಗಳ ಮೇಲೆ ಹೆಸರು ಕೊರೆಯುವ ಕೆಲಸ ನಾನೇ ಮಾಡುತ್ತೇನೆ, ಅಕ್ಷರ ಮುತ್ತಿನಂತಿವೆ ಎಂದು ಜನ ಹೊಗಳುತ್ತಾರೆ. ಕಳೆದ ವರ್ಷ ಮೇಲಿನ ಮನೆಗೆ ಹೊಸದಾಗಿ ಲಗ್ನವಾದ ಜೋಡಿ ಬಂತು. ಹುಡುಗನಿಗೆ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಊರಲ್ಲಿ ಹತ್ತಿ ವ್ಯಾಪಾರದ ಮನೆತನ, ನಯ-ವಿನಯ ಅಂದರೆ ಕೈತೊಳೆದು ಮುಟ್ಟಬೇಕು. ಹುಡುಗಿ ಧಾರವಾಡದವಳು. ಆಸ್ಪತ್ರೆಯಲ್ಲಿ ಕೈಕಾಲು ಬಗ್ಗದವರಿಗೆ ವ್ಯಾಯಾಮ ಮಾಡಿಸಿ ಬಗ್ಗಿಸುವ ಕೆಲಸ ಅವಳದು. ಇಬ್ಬರಿಗೂ ಬಿಡುವು ಅಂದರೆ ರವಿವಾರ ಮಾತ್ರ.

ಆ ಹುಡುಗಿಗೆ ಇದ್ದದ್ದು ಒಂದೇ ಆಸೆ. ಬಂದ ವಾರದಲ್ಲೇ ನನ್ನ ಹೆಂಡತಿಯ ಮುಂದೆ ಹೇಳಿದಳು: "ಕಾಕು, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ವರ್ಷ ತುಂಬೂದ್ರಾಗ ಒಂದ ಸಲ ನಾವಿಬ್ಬರ ಎಲ್ಲೆರೆ ಹೋಗಿ, ಕುಂತು, ಮಾತಾಡಿ ಬರಬೇಕು. ಇಬ್ಬರ. ಮೂರನೇದವರು ಇರಬಾರದು, ಅಷ್ಟ."

ಇದೇನು ದೊಡ್ಡ ಆಸೆ ಎನ್ನಬೇಡಿ. ನಮ್ಮ ಊರು ನಿಮಗೆ ಗೊತ್ತಿಲ್ಲ.

ದೂರ ಹೊಂಟೀರೇನು?

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಹೋದ ಕೆಲಸ ಆಗುವುದಿಲ್ಲ. ಆದ್ದರಿಂದ ನಾವು ‘ದೂರ ಹೊಂಟೀರೇನು?’ ಎಂದು ಕೇಳುತ್ತೇವೆ. ಹೊರಟವರು ಎಲ್ಲಿಗೆಂದು ತಾವೇ ಹೇಳಿ, ಕೊನೆಗೆ ‘ಬರ್ರಿ, ನೀವೂ ಬರ್ರಿ’ ಎನ್ನಬೇಕು. ಕೇಳಿದವರು ‘ಆತು, ನೀವು ನಡೀರಿ’ ಎನ್ನಬೇಕು. ಅಲ್ಲಿಗೆ ಮುಗಿಯಿತು. ಊಟಕ್ಕೂ ಇದೇ ಕಾನೂನು. ಉಣ್ಣುವವರು ‘ಬರ್ರಿ, ಉಣ್ಣೂಣು’ ಎನ್ನಬೇಕು. ಎದುರಿಗೆ ನಿಂತವನು ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ ‘ಈಗ ಉಂಡ ಬಂದೇನ್ರಿ’ ಎನ್ನಬೇಕು. ನಮ್ಮ ಮುತ್ತಜ್ಜನ ಕಾಲದಿಂದ ಈ ಕಾನೂನನ್ನು ಯಾರೂ ಮುರಿದಿರಲಿಲ್ಲ.

ನಾನು ಮುರಿದೆ.

ಅವರ ಮೊದಲ ರವಿವಾರ. ಹುಡುಗಿ ಮಲ್ಲಿಗೆ ಮುಡಿದು ಇಳಿದಳು, ಹಿಂದೆ ಹುಡುಗ ಎರಡು ಹೆಲ್ಮೆಟ್ ಹಿಡಿದುಕೊಂಡು. ನಾನು ಗೇಟಿನಲ್ಲಿ ಸ್ಕೂಟರ್ ಒರೆಸುತ್ತಿದ್ದೆ.

"ದೂರ ಹೊಂಟೀರೇನು?"

"ಇಲ್ಲೇ ಉಣಕಲ್ ಕೆರೀಗೆ ಕಾಕಾ. ಬರ್ರಿ, ನೀವೂ ಬರ್ರಿ."

"ತಡೀ, ಅಂಗಿ ಬದಲಿಸಿ ಬಂದೆ."

ಹುಡುಗನ ಕೈಯಿಂದ ಒಂದು ಹೆಲ್ಮೆಟ್ ಜಾರಿ ಗೇಟಿನ ತನಕ ಉರುಳಿತು. ನನ್ನ ಹೆಂಡತಿ ಒಳಗಿನಿಂದ, "ನಾಚಿಕಿ ಬರಂಗಿಲ್ಲೇನ್ರಿ ನಿಮಗ?" ಎಂದು ಶುರು ಮಾಡಿದವಳು, ನನ್ನನ್ನು ಒಬ್ಬನನ್ನೇ ಬಿಟ್ಟರೆ ಇನ್ನೂ ಕೆಡುಕು ಎಂದುಕೊಂಡು ತಾನೂ ಸ್ಕೂಟರಿನ ಹಿಂದೆ ಕುಳಿತು ಬಂದಳು. ಕೆರೆಯ ದಂಡೆಯ ಮೇಲೆ ಹುಡುಗ-ಹುಡುಗಿಯ ನಡುವೆ ಕುಳಿತು ನಾನು ಹನ್ನೊಂದು ಮಿರ್ಚಿ ಭಜಿ ತಿಂದೆ. ನಾಲ್ಕು ಅನ್ನುತ್ತಾಳೆ ಹೆಂಡತಿ. ಅವಳು ನೋಡದೆ ಇದ್ದಾಗ ತಿಂದದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೂ ಹುಡುಗನ ನಾಲಿಗೆ ಸುಮ್ಮನಿರಲಿಲ್ಲ. "ಬರ್ರಿ ಕಾಕಾ, ಛಾ ಕುಡಿಯೂಣು" ಅಂದ. ಕರೆದ ಮೇಲೆ ಹೋಗಲೇಬೇಕಲ್ಲ, ಹೋದೆ. ಹುಡುಗಿ ನಗುನಗುತ್ತಲೇ ಕಪ್ಪು ತಂದಿಟ್ಟಳು. ಒಂದು ಗುಟುಕು ಕುಡಿದೆ. ಸಕ್ಕರೆಯ ಜಾಗದಲ್ಲಿ ಉಪ್ಪು ಇತ್ತು.

ಚಿಗರಿಯಲ್ಲಿ ಅಕ್ಕೋರು

ಇದರಲ್ಲಿ ನನ್ನ ಕೈವಾಡವಿಲ್ಲ, ಹುಡುಗ ಹೇಳಿದ್ದನ್ನು ಹೇಳುತ್ತಿದ್ದೇನೆ.

ಜೋಡಿಯಾಗಿ ಕಂಡರೆ ತಾನೇ ಜನ ಮಾತಾಡಿಸುವುದು? ಬೇರೆ ಬೇರೆ ಹೊರಟು, ಒಂದೇ ಚಿಗರಿ ಬಸ್ಸು ಹತ್ತಿ, ಗುರುತಿಲ್ಲದವರಂತೆ ಧಾರವಾಡದ ತನಕ ಹೋಗಿ, ಇಳಿದ ಮೇಲೆ ಒಂದಾಗುವುದು ಎಂದು ಹುಡುಗಿ ಯೋಜನೆ ಹಾಕಿದಳು. ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಬಾಜೂಕ್ಕೆ ದಪ್ಪ ಕನ್ನಡಕದ, ತೊಡೆಯ ಮೇಲೆ ಉದ್ದನೆಯ ಕರಿ ಛತ್ರಿ ಇಟ್ಟುಕೊಂಡ ಅಜ್ಜಿಯೊಬ್ಬರು. ಹುಡುಗ ಎದುರಿಗೆ ಕಂಬ ಹಿಡಿದು ನಿಂತವನು ಸುಮ್ಮನೆ ನಿಲ್ಲಬಾರದೆ? ಹೆಂಡತಿಯನ್ನು ನೋಡುವುದು, ನಗುವುದು, ಹುಬ್ಬು ಹಾರಿಸುವುದು ನಡೆಸಿದ.

ರಾಯಾಪುರ ದಾಟುವಷ್ಟರಲ್ಲಿ ಛತ್ರಿಯ ತುದಿ ಬಂದು ಅವನ ಎದೆಗೆ ತಾಗಿತು.

"ಏನೋ ತಮ್ಮಾ, ಆವಾಗಿಂದ ನೋಡಾಕತ್ತೇನಿ. ಮನ್ಯಾಗ ಅಕ್ಕ-ತಂಗ್ಯಾರು ಇಲ್ಲೇನು ನಿನಗ?"

"ಅಜ್ಜೀ, ಅಕಿ ನನ್ನ ಹೆಂಡ್ತಿ ರೀ!"

"ಹೌದೇನವಾ?"

ಉಣಕಲ್ ಕೆರೆಯ ಸಿಟ್ಟು ಹುಡುಗಿಗೆ ಇನ್ನೂ ಆರಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ಯಾರೋ ಏನೋ, ನನಗ ಗೊತ್ತಿಲ್ರಿ" ಅಂದುಬಿಟ್ಟಳು.

ಇಡೀ ಬಸ್ಸು ತಿರುಗಿ ನೋಡಿತು. ಹುಡುಗ ಬೆವರುತ್ತ ಮೊಬೈಲ್ ತೆಗೆದು ಲಗ್ನದ ಫೋಟೋ ತೋರಿಸಿದ. ಅಜ್ಜಿ ಫೋಟೋದಲ್ಲಿನ ಬಾಸಿಂಗವನ್ನು ಬೆರಳಿನಿಂದ ಮುಚ್ಚಿ, ಅವನ ಮುಖಕ್ಕೆ ಹೋಲಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಬೇರೆಯೇ ವಿಚಾರಣೆ.

"ಗಂಡ-ಹೆಂಡ್ತಿ ಆಗಿ ಒಬ್ಬರಿಗೊಬ್ಬರು ಮಾತಿಲ್ಲ, ಕತಿಯಿಲ್ಲ. ಜಗಳ ಆಡೀರೇನು?"

"ಇಲ್ರಿ ಅಜ್ಜಿ."

"ಅಕ್ಕೋರ ಅನ್ನು. ಮೂವತ್ತೈದು ವರ್ಷ ಸಾಲಿ ಕಲಿಸೇನಿ, ಯಾರು ಸುಳ್ಳ ಹೇಳ್ತಾರ ಅಂತ ಮಾರಿ ನೋಡಿದ್ರ ತಿಳೀತದ. ದೂರ ಹೊಂಟೀರೇನು?"

"ಸಾಧನಕೇರಿಗೆ ರೀ ಅಕ್ಕೋರ. ಬರ್ರಿ, ನೀವೂ ಬರ್ರಿ."

ಹುಡುಗಿ ಹಣೆ ಹಣೆ ಬಡಿದುಕೊಂಡಳು. ಅಕ್ಕೋರ ಮನೆ ಸಾಧನಕೇರಿಯ ಹತ್ತಿರವೇ ಅಂತೆ. ಬಂದೇ ಬಿಟ್ಟರು. ಕೆರೆಯ ದಂಡೆಯ ತೋಟದಲ್ಲಿ ಬೆಂಚಿನ ಮೇಲೆ ಅವನನ್ನು ಆ ಕಡೆ, ಅವಳನ್ನು ಈ ಕಡೆ ಕೂರಿಸಿ, ನಡುವೆ ತಾವು ಕುಳಿತು, ಸಂಸಾರ ಹೇಗೆ ಮಾಡಬೇಕೆಂದು ಎರಡು ತಾಸು ಪಾಠ ಹೇಳಿದರು. ಇನ್ನು ಮೇಲೆ ಜಗಳ ಆಡುವುದಿಲ್ಲ ಎಂದು ಇಬ್ಬರಿಂದಲೂ ಆಣೆ ಮಾಡಿಸಿಕೊಂಡೇ ಎದ್ದರು.

ತಿರುಗಿ ಬರುವ ಬಸ್ಸು ಹತ್ತಿದ್ದೇ ತಡ, ಜಗಳ ಶುರುವಾಯಿತು.

ಬಾ ಅನ್ನದ ಮಗ

ಬಗ್ಗದ ಮೊಣಕಾಲು ಬಗ್ಗಿಸುವವಳಿಗೆ ಗಂಡನ ನಾಲಿಗೆ ಏನು ಮಹಾ? ಮರುದಿನದಿಂದಲೇ ತರಬೇತಿ. ಸಂಜೆ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿಕೊಂಡು ಕೇಳುವಳು, ನನಗೆ ಕೆಳಗೆ ಎಲ್ಲ ಕೇಳಿಸುತ್ತಿತ್ತು.

"ದೂರ ಹೊಂಟೀರೇನು?"

"ಹೂಂ ರೀ. ಬ..."

"ಏನದು ಬ? ‘ಹೂಂ ರೀ’, ಅಷ್ಟ. ಮುಂದಿಂದು ನುಂಗ್ರಿ."

ಹದಿನೈದು ದಿನಕ್ಕೆ ನಾಲಿಗೆ ಹದಕ್ಕೆ ಬಂತು. ಅಷ್ಟರಲ್ಲಿ ಅವನ ಊರಿನ ದೊಡ್ಡ ರೈತನೊಬ್ಬ ಟ್ರ್ಯಾಕ್ಟರ್ ನೋಡಲು ಶೋರೂಮಿಗೆ ಹೋದ. ಸರಿಯಾಗಿ ಮಧ್ಯಾಹ್ನದ ಹೊತ್ತು, ಹುಡುಗ ರೊಟ್ಟಿ ಮುರಿಯುತ್ತಿದ್ದ. "ಊಟ ನಡದೈತೇನು?" ಅಂದ ರೈತ. ಹುಡುಗನ ತುಟಿಯ ತನಕ ‘ಬ’ ಬಂತು, ಹೆಂಡತಿಯ ಮುಖ ನೆನಪಾಯಿತು, ನುಂಗಿದ. "ಹೂಂ ರೀ" ಅಂದು ಉಣ್ಣುತ್ತ ಕುಳಿತ.

ರೈತ ಟ್ರ್ಯಾಕ್ಟರ್ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದ. ದೀಪ ಹಚ್ಚುವ ಹೊತ್ತಿಗೆ ಊರ ತುಂಬ ಸುದ್ದಿ: ಎದುರಿಗೆ ನಿಂತ ಮನುಷ್ಯನನ್ನು ಆ ಮನೆತನದ ಹುಡುಗ ಊಟಕ್ಕೆ ಬಾ ಅನ್ನಲಿಲ್ಲ!

ಮುಂದಿನ ರವಿವಾರ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಗೇಟಿಗೆ ಬಂದಿದ್ದರು. ನಾನು ಬೇಕೆಂದೇ ಪೇಪರ್ ಮರೆಯಲ್ಲಿ ಮುಖ ಮುಚ್ಚಿಕೊಂಡು ಪುಣ್ಯ ಕಟ್ಟಿಕೊಳ್ಳುತ್ತಿದ್ದೆ. ಆಟೋ ಬಂದು ನಿಂತಿತು. ಇಳಿದವರು ಹುಡುಗನ ತಾಯಿ, ಚಿಗವ್ವ, ರೊಟ್ಟಿಯ ಗಂಟು, ಮೊಸರಿನ ಗಡಿಗೆ.

"ದೂರ ಹೊಂಟೀಯೇನೋ ಯಪ್ಪಾ?" ಅಂದಳು ತಾಯಿ.

ಹುಡುಗ ಕಲಿತ ಪಾಠ ಒಪ್ಪಿಸಿದ. "ಹೂಂ ರೀ."

ತಾಯಿ ತಂಗಿಯ ಕಡೆ ತಿರುಗಿದಳು. "ನೋಡ್ದಿ? ಹಡದವ್ವಗೂ ಬಾ ಅನ್ನವಲ್ಲ! ಟ್ರ್ಯಾಕ್ಟರ್ ನೋಡಾಕ ಬಂದಾಂವ ಹೇಳಿದ್ದು ಖರೇ ಐತಿ, ಕೂಸಿಗೆ ಏನೋ ಜಡ್ಡ ಬಂದೈತಿ."

ಜಡ್ಡು ಇಳಿಸಲು ಇಬ್ಬರೂ ಒಂದು ತಿಂಗಳು ಉಳಿದರು.

ಡಬ್ಬಿ

ಇಷ್ಟೆಲ್ಲ ಆದ ಮೇಲೆ ನನಗೂ ಕರುಳು ಚುರ್ ಅಂದಿತು. ಹೊಸ ಮೂರು ಅಂತಸ್ತಿನ ಡಬ್ಬಿಯೊಂದನ್ನು ಅಂಗಡಿಯಿಂದ ತಂದು, "ಇಬ್ಬರ ಹೋದಾಗ ಊಟಕ್ಕ ಒಯ್ಯವಾ" ಎಂದು ಹುಡುಗಿಗೆ ಕೊಟ್ಟೆ. ಮುಚ್ಚಳದ ಮೇಲೆ ನಮ್ಮಲ್ಲಿ ಹೆಸರು ಕೊರೆಯುತ್ತಾರೆ. ನಾನು ಸುತ್ತ ಬಳ್ಳಿ ಬಿಡಿಸಿ, ನಡುವೆ ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ‘ಬರ್ರಿ, ನೀವೂ ಬರ್ರಿ’ ಎಂದು ಕೊರೆದಿದ್ದೆ.

ಓದಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಸಿಟ್ಟಾಗಲಿಲ್ಲ. "ಭಾಳ ಛಲೋ ಐತ್ರಿ ಕಾಕಾ. ಎತ್ತಿ ಇಡ್ತೇನಿ, ಒಂದಿನ ಕೆಲಸಕ್ಕ ಬರತೈತಿ" ಎಂದು ನಕ್ಕಳು. ಉಪ್ಪಿನ ಚಹಾ ತಂದಾಗಲೂ ಹೀಗೇ ನಕ್ಕಿದ್ದಳು ಎಂಬುದು ಆಗ ನನಗೆ ನೆನಪಾಗಲಿಲ್ಲ.

ವರ್ಷ ತುಂಬಿದ ದಿನ

ನೋಡನೋಡುತ್ತ ಅವರ ಲಗ್ನದ ವರ್ಷ ತುಂಬುವ ದಿನ ಬಂತು, ಅದೂ ರವಿವಾರ. ಇದೊಂದು ದಿನ ಹೋದರೆ ಹುಡುಗಿಯ ಆಸೆಯೂ ಹೋಯಿತು. ಈ ಸಲ ಬಾಯಿ ಬಿಚ್ಚಬಾರದೆಂದು ನಾನು ಒಳಗಿನ ಕೋಣೆಯಲ್ಲಿ ಕುಳಿತಿದ್ದೆ. ದೇವರಾಣೆ, ಕುಳಿತಿದ್ದೆ. ಹುಡುಗಿ ತಾನಾಗಿ ಇಳಿದು ಬಂದಳು.

"ಕಾಕಾ, ಮಧ್ಯಾಹ್ನ ಸಾಧನಕೇರಿಗೆ ಹೊಂಟೇವಿ. ಬರ್ರಿ, ನೀವೂ ಬರ್ರಿ."

ಹೆಂಡತಿ ತಡೆಯುತ್ತಾಳೆಂದು ಅವಳ ಮುಖ ನೋಡಿದೆ. ಅವಳಾಗಲೇ ಇಳಕಲ್ ಸೀರೆ ಉಟ್ಟು ನಿಂತಿದ್ದಳು!

"ನೀವು ಚಿಗರಿಗೆ ಮುಂದ ಹೋಗಿ ಜಾಗಾ ಹಿಡೀರಿ, ನಾವು ಗಾಡಿ ಮ್ಯಾಲೆ ಹಿಂದ ಬರ್ತೇವಿ. ಊಟದ ಡಬ್ಬಿ ನೀವ ಒಯ್ರಿ" ಎಂದು ಹುಡುಗಿ ಆ ನನ್ನ ಡಬ್ಬಿಯನ್ನೇ ಕೈಗೆ ಕೊಟ್ಟಳು.

ಹೋದೆವು. ನೀರಿಗೆ ಎದುರಾಗಿ, ಗಿಡದ ನೆರಳಲ್ಲಿ ಒಳ್ಳೆಯ ಬೆಂಚು ಹಿಡಿದೆವು. ಅರ್ಧ ತಾಸಾಯಿತು, ತಾಸಾಯಿತು. ಫೋನು ಮಾಡಿದರೆ ಎತ್ತುತ್ತಿಲ್ಲ.

"ಗಾಡಿ ಕೆಟ್ಟಿರಬೇಕು ನೋಡು" ಅಂದೆ.

"ಗಾಡಿಗೆ ಏನೂ ಆಗಿಲ್ಲ. ಅವರು ಬರಂಗಿಲ್ಲ" ಎಂದು ಹೆಂಡತಿ ಶಾಂತವಾಗಿ ಡಬ್ಬಿ ಬಿಚ್ಚಿ, ಮುಚ್ಚಳವನ್ನು ಬಾಜೂಕ್ಕಿಟ್ಟಳು.

"ಬರಂಗಿಲ್ಲಂದ್ರ? ಎಲ್ಲಿ ಹೋದ್ರು?"

"ಎಲ್ಲೂ ಹೋಗಿಲ್ಲ. ನಮ್ಮ ಮನಿ ಮಾಳಿಗಿ ಮ್ಯಾಲೆ ಚಾಪಿ ಹಾಸಿ ಕುಂತಾರ. ಈ ಅವಳಿ ಊರಾಗ ‘ದೂರ ಹೊಂಟೀರೇನು’ ಅಂತ ಕೇಳವರು ಇಲ್ಲದ ಜಾಗಾ ಅದೊಂದ, ಅದೂ ನೀವು ಮನ್ಯಾಗ ಇಲ್ಲದಾಗ. ನೀವು ಮುಂದ ನಡದಾಗ ಗೇಟಿಗೆ ಹೊರಗಿಂದ ಕೀಲಿ ಹಾಕಿ ಬಂದೇನಿ."

ಇಪ್ಪತ್ತೇಳು ವರ್ಷ ಅಂಗಡಿಯಲ್ಲಿ ಕುಳಿತು ಊರಿಗೆ ಟೋಪಿ ಹಾಕಿದವನಿಗೆ ನನ್ನ ಮನೆಯವರೇ ಟೋಪಿ ಹಾಕಿದ್ದರು. ಸಿಟ್ಟು ಬರಬೇಕಿತ್ತು, ಹೋಳಿಗೆಯ ವಾಸನೆಗೆ ಬರಲಿಲ್ಲ. ಹೆಂಡತಿ ತುಪ್ಪ ಹಾಕುತ್ತ ಅಂದಳು: "ಅಕಿಗೆ ಒಂದ ವರ್ಷಕ್ಕ ಹಿಂಗ ಅನ್ನಿಸೈತಿ. ನಾವಿಬ್ಬರ ಹಿಂಗ ಕುಂತು ಎಷ್ಟ ವರ್ಷ ಆತು, ಹೇಳ್ರಿ? ಇವತ್ತರೆ ಯಾರನ್ನೂ ಕರೀಬ್ಯಾಡ್ರಿ. ನಿಮ್ಮ ಕೈ ಮುಗೀತೇನಿ."

ನನ್ನ ಹೋಳಿಗೆಯಲ್ಲಿ ಅರ್ಧ ಮುರಿದು ಅವಳಿಗೆ ಕೊಟ್ಟೆ. ಇವತ್ತು ‘ಬರ್ರಿ’ ಎಂಬ ಮಾತು ನನ್ನ ಬಾಯಿಂದ ಬಂದರೆ ಕೇಳು ಎಂದು ಆಣೆ ಮಾಡಿ, ಬಾಯಿ ಬಿಗಿ ಹಿಡಿದು ಕುಳಿತೆ. ಎದುರಿಗೆ ಎಷ್ಟೋ ಜನ ಹಾದುಹೋದರು. ಅಂಗಡಿಯ ಗಿರಾಕಿಯೊಬ್ಬ ನಿಂತು ‘ಹ್ಯಾಂಗದೀರಿ’ ಅಂದ. ನಾನು ಮೂಗಬಸವನಂತೆ ತಲೆ ಅಲ್ಲಾಡಿಸಿದೆ. ಅವನು ಹೆದರಿ ಹೋದ. ಹೆಂಡತಿ ನನ್ನ ಕೈ ಮೇಲೆ ಕೈ ಇಟ್ಟಳು. ಹೀಗೆ ಸುಮ್ಮನೆ ಕೂಡುವುದರಲ್ಲಿ ಇಷ್ಟು ಸುಖವಿದೆ ಎಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು.

ಆಗ ಉದ್ದನೆಯ ಕರಿ ಛತ್ರಿಯೊಂದು ನೆಲ ಕುಟ್ಟುತ್ತ ಬಂದು ನಮ್ಮೆದುರು ನಿಂತಿತು. ದಪ್ಪ ಕನ್ನಡಕ. ಇದನ್ನು ನಾನು ಕಟ್ಟಿದ್ದೆಂದು ತಿಳಿದರೆ ನಿಮ್ಮ ಇಚ್ಛೆ. ಅವರ ಮನೆ ಅಲ್ಲೇ ಹತ್ತಿರ ಎಂದು ಮೊದಲೇ ಹೇಳಿದ್ದೇನೆ.

"ಗಂಡ-ಹೆಂಡ್ತಿ ಆಗಿ ಮಾತಿಲ್ಲ, ಕತಿಯಿಲ್ಲ" ಅಂದರು ಅಕ್ಕೋರು. "ಜಗಳ ಆಡೀರೇನು?"

ಹೆಂಡತಿ ನನ್ನ ಕೈ ಒತ್ತಿದಳು. ನಾನು ತುಟಿ ಎರಡು ಮಾಡಲಿಲ್ಲ. ಅಕ್ಕೋರ ಕಣ್ಣು ಬೆಂಚಿನ ಮೇಲೆ ಹೋಯಿತು. ಕನ್ನಡಕ ಸರಿಮಾಡಿಕೊಂಡು, ಮುಚ್ಚಳವನ್ನು ಎತ್ತಿ ಹಿಡಿದು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು.

"ಅಯ್ಯ! ಇಷ್ಟ ಪ್ರೀತಿಯಿಂದ ಭಾಂಡೆ ಮ್ಯಾಲೆ ಕೊರಿಸಿ ಕರದ್ರ ಒಲ್ಲೆ ಅನ್ನಾಕ ಬರ್ತದೇನು?"

ನನ್ನನ್ನು ಆ ಕಡೆ, ಹೆಂಡತಿಯನ್ನು ಈ ಕಡೆ ಸರಿಸಿ ನಡುವೆ ಕುಳಿತು, ಹೋಳಿಗೆಗೆ ಕೈ ಹಾಕಿದರು.

"ಅಕ್ಷರ ಮುತ್ತಿನಂಗ ಅವ. ಯಾರ ಕೈ ಇದು?"

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ನೀರಿನ ಕಡೆ ತಿರುಗಿ ಹೇಳಿದಳು: "ಯಾರೋ ಏನೋ, ನನಗ ಗೊತ್ತಿಲ್ರಿ."